ಚಿತ್ರಕಾರರು ನಡೆದ ಕೋಟೆಗಳ ದಾರಿ

ಕೊಯಮತ್ತೂರು, ತಿರುಪ್ಪೂರುಗಳಲ್ಲಿ ನೂಲು, ಬಟ್ಟೆಯ ವ್ಯಾಪಾರಕ್ಕೆಂದು ಹೋಗಿ ನೆಲೆಸಿದ ಕುಟುಂಬಗಳು ನಮ್ಮ ಓದುಗರಲ್ಲಿ ಹಲವಿವೆ. ಮದುವೆ, ಮುಂಜಿ, ಶ್ರವಣಬೆಳಗೊಳದ ದರ್ಶನ ಎಂದು ವರ್ಷಕ್ಕೆ ನಾಲ್ಕಾರು ಸಲವಾದರೂ ಇವರು ಬೆಂಗಳೂರಿನ ಕಡೆ ಹೊರಡುತ್ತಾರೆ. ಬೆಳಗಿನ ಜಾವ ಕಾರು ಹತ್ತಿದರೆ ಮಕ್ಕಳು ನಿದ್ದೆ, ದೊಡ್ಡವರು ಅರೆನಿದ್ದೆ. ಕಣ್ಣು ಬಿಡುವುದು ಹೊಸೂರಿನ ವಾಹನಗಳ ಸಾಲಿನಲ್ಲಿ. ಆದರೆ ಇದೇ ದಾರಿಯ ಎರಡೂ ಬದಿಯ ಬೆಟ್ಟಗಳನ್ನು ಬರೆಯಲೆಂದೇ ಇನ್ನೂರಮೂವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಚಿತ್ರಕಾರರು ಬಿಸಿಲಲ್ಲಿ ಅಲೆದಿದ್ದರು ಎಂಬುದು ಎಷ್ಟು ಮಂದಿಗೆ ಗೊತ್ತು?

ಜರ್ಮನಿಯ ಡ್ರೆಸ್ಡೆನ್ ನಗರದ ಬಳಿ ‘ಚಿತ್ರಕಾರರ ದಾರಿ’ ಎಂದೇ ಹೆಸರಾದ ಕಾಲುದಾರಿಯೊಂದಿದೆ. ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಆ ದಾರಿಯಲ್ಲಿ ಕೋಟೆಗಳನ್ನೂ ಬಂಡೆಗಳನ್ನೂ ನೋಡುತ್ತ ನಡೆಯಲು ಜನ ದೇಶದೇಶಗಳಿಂದ ಬರುತ್ತಾರೆ. ನಮ್ಮಲ್ಲಿ ಅಂಥ ಫಲಕವಿಲ್ಲ, ನಕ್ಷೆಯಿಲ್ಲ. ಬೆಟ್ಟಗಳು ಮಾತ್ರ ಇವೆ, ಕೋಟೆಗಳೂ ಇವೆ.

ಮನೆಯಿಂದ ಹೊರಟು ಅವಿನಾಶಿ ದಾಟಿದ ಮೇಲೆ ಪೆರುಂದುರೈಗೆ ಮೊದಲು ವಿಜಯಮಂಗಲ ಸಿಗುತ್ತದೆ. ಇಲ್ಲಿ ಕೋಟೆಯಿಲ್ಲ, ಆದರೂ ವಾಹನ ನಿಲ್ಲಿಸಬೇಕು. ಚಂದ್ರಪ್ರಭ ತೀರ್ಥಂಕರರ ಹಳೆಯ ಬಸದಿ ಇಲ್ಲಿದೆ. ಗೊಮ್ಮಟೇಶ್ವರನ ಮೂರ್ತಿಯನ್ನು ಕಡೆಯಿಸಿದ ಚಾವುಂಡರಾಯನ ತಂಗಿ ಪುಲ್ಲಪ್ಪೆಯ ನಿಷಿಧಿಯ ಶಾಸನ ಇರುವುದು ಈ ಊರಿನಲ್ಲೇ. ಅಣ್ಣನ ಕೀರ್ತಿ ಬೆಳಗೊಳದ ಬೆಟ್ಟದ ಮೇಲೆ ಲೋಕಕ್ಕೆಲ್ಲ ಕಾಣುತ್ತದೆ. ತಂಗಿಯ ನೆನಪು ಕೊಂಗುನಾಡಿನ ಈ ಬಸದಿಯಲ್ಲಿ ಸದ್ದಿಲ್ಲದೆ ಉಳಿದಿದೆ. ‘ಪೆರುಂಗದೈ’ ಎಂಬ ತಮಿಳು ಜೈನ ಕಾವ್ಯದ ಕರ್ತೃ ಕೊಂಗುವೇಳಿರ್ ಈ ಊರಿನವನೆಂದು ಪ್ರತೀತಿ. ಆ ಕಾವ್ಯಕ್ಕೆ ಗಂಗರ ದುರ್ವಿನೀತನ ಬೃಹತ್ಕಥೆಯೇ ಮೂಲವೆಂದು ಹೇಳುವ ವಿದ್ವಾಂಸರಿದ್ದಾರೆ. ಹಾಗಾದರೆ ಈ ಹೆದ್ದಾರಿಯಲ್ಲಿ ನೂಲು ಹೋಗುವ ಮೊದಲೇ ಕಥೆಗಳು ಹೋಗಿಬಂದಿದ್ದವು!

ಭವಾನಿ ದಾಟಿ ಸೇಲಂ ಕಡೆ ಸಾಗಿದರೆ ಸಂಕಗಿರಿಯ ದುರ್ಗ ದೂರದಿಂದಲೇ ಕಾಣುತ್ತದೆ. ಒಂದರ ಮೇಲೊಂದು ಸುತ್ತುಗೋಡೆ, ಒಂದಾದ ಮೇಲೊಂದು ಬಾಗಿಲು. ತಿರುಪ್ಪೂರು ಜಿಲ್ಲೆಯವರಿಗೆ ಇದು ಬರಿಯ ಕೋಟೆಯಲ್ಲ. ಕಾಂಗೇಯಂ ಸೀಮೆಯ ಧೀರನ್ ಚಿನ್ನಮಲೈಯನ್ನು ಬ್ರಿಟಿಷರು 1805ರ ಜುಲೈ 31ರಂದು ಗಲ್ಲಿಗೇರಿಸಿದ್ದು ಇಲ್ಲಿಯೇ. ಆಡಿ ತಿಂಗಳ 18ರಂದು ಇಲ್ಲಿ ಅವನ ಸ್ಮರಣೆ ನಡೆಯುತ್ತದೆ. ಮೆಟ್ಟಿಲು ಹತ್ತುವಾಗ ಮಕ್ಕಳಿಗೆ ಈ ಕಥೆ ಹೇಳಿದರೆ ಅವರು ನಿಮಗಿಂತ ಮುಂದೆ ಓಡುತ್ತಾರೆ.

ಸೇಲಂ, ತೊಪ್ಪೂರು ಘಾಟಿ, ಧರ್ಮಪುರಿ ಕಳೆದ ಮೇಲೆ ಚಿತ್ರಕಾರರ ನಾಡು ಶುರುವಾಗುತ್ತದೆ. ಹಿಂದೆ ಇದಕ್ಕೆ ಬಾರಾಮಹಲ್ ಎಂದು ಹೆಸರು. ಚನ್ನಪಟ್ಟಣದಿಂದ ಆಳಿದ ಜಗದೇವರಾಯನ ಮನೆತನಕ್ಕೆ ಸೇರಿದ್ದ ಸೀಮೆ; ಆಮೇಲೆ ಮೈಸೂರಿಗೆ ಬಂತು. 1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನ ಇದನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಶಾಯಿ ಒಣಗುವುದೇ ತಡ, ಏಪ್ರಿಲ್‌ನಲ್ಲಿ ಥಾಮಸ್ ಡೇನಿಯಲ್ ಮತ್ತು ಅವರ ಸೋದರನ ಮಗ ವಿಲಿಯಂ ಡೇನಿಯಲ್ ಮದರಾಸಿನಿಂದ ಹೊರಟರು. ವಿಲಿಯಂಗೆ ಆಗ ಇಪ್ಪತ್ತಮೂರೂ ತುಂಬಿರಲಿಲ್ಲವೇನೋ. ಬೆಂಗಳೂರಿನವರೆಗೆ ಬಂದು ತಿರುಗಿ ದಕ್ಷಿಣಕ್ಕೆ ಕನ್ಯಾಕುಮಾರಿಯವರೆಗೂ ಹೋದರು. ಯುದ್ಧದ ಸುದ್ದಿ ಓದಿದ್ದ ಲಂಡನ್ನಿನ ಜನಕ್ಕೆ ಯುದ್ಧ ನಡೆದ ಬೆಟ್ಟಗಳನ್ನು ಕಾಣುವ ಆಸೆ ಇದೆಯೆಂದು ಇವರಿಗೆ ಗೊತ್ತಿತ್ತು.

ಇವರ ಕೆಲಸದ ಬಗೆ ಕುತೂಹಲದ್ದು. ‘ಕ್ಯಾಮರಾ ಅಬ್ಸ್ಕ್ಯೂರಾ’ ಎಂಬ ಕತ್ತಲಪೆಟ್ಟಿಗೆಯಲ್ಲಿ ಮಸೂರದ ಮೂಲಕ ಬೆಟ್ಟದ ಬಿಂಬ ಕಾಗದದ ಮೇಲೆ ಬೀಳುವಂತೆ ಮಾಡಿ ಅದರ ಗೆರೆ ಎಳೆದುಕೊಳ್ಳುತ್ತಿದ್ದರು. ಊರಿಗೆ ಮರಳಿದ ಮೇಲೆ ಆ ಗೆರೆಗಳು ತಾಮ್ರದ ತಗಡಿಗೆ ಇಳಿದವು. ತಗಡಿನ ಮೇಲೆ ರಾಳದ ಪುಡಿ ಹಿಡಿಸಿ ಆಮ್ಲದಲ್ಲಿ ಅದ್ದಿದರೆ ನೆರಳು ಬೆಳಕಿನ ಹದ ಬರುತ್ತದೆ. ಅಚ್ಚಾದ ಮೇಲೆ ಕೈಯಿಂದ ಬಣ್ಣ. ಹೀಗೆ 1795ರಿಂದ 1808ರವರೆಗೆ ‘ಓರಿಯೆಂಟಲ್ ಸೀನರಿ’ ಎಂಬ ಹೆಸರಿನಲ್ಲಿ 144 ಚಿತ್ರಗಳು ಹೊರಬಂದವು. ಅವುಗಳಲ್ಲಿ ತಾಜಮಹಲು, ಕಾಶಿಯ ಘಟ್ಟಗಳ ಸಾಲಿನಲ್ಲೇ ನಮ್ಮ ಹೊಸೂರು, ರಾಯಕೋಟೆ, ವೀರಭದ್ರದುರ್ಗ, ಜಗದೇವಿಯ ಬೆಟ್ಟಗಳೂ ಕುಳಿತಿವೆ.

ಇವರಿಗಿಂತ ಮೊದಲೇ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದವನು ರಾಬರ್ಟ್ ಹೋಮ್. ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳಾಗಿ ಒಪ್ಪಿಸಿದ ದೃಶ್ಯವನ್ನು ಬರೆದವನು ಇವನೇ. ಕೋಲ್‌ಬ್ರೂಕ್, ಅಲನ್, ಹಂಟರ್ ಎಂಬ ಸೈನ್ಯಾಧಿಕಾರಿಗಳೂ ಮೈಸೂರು ಸೀಮೆಯ ಚಿತ್ರಗಳನ್ನು ಅಚ್ಚುಮಾಡಿಸಿದರು. ಗೆದ್ದವರ ಕಣ್ಣಿನ ಚಿತ್ರಗಳಿವು ಎಂಬುದನ್ನು ಮರೆಯಬಾರದು. ಬೆಟ್ಟ ಭವ್ಯವಾಗಿದೆ, ಆಕಾಶ ತಿಳಿಯಾಗಿದೆ. ಆ ವರ್ಷ ಬೆಳೆ ಕಳೆದುಕೊಂಡ ರೈತನ ಮುಖ ಎಲ್ಲಿಯೂ ಕಾಣದು.

ಕೃಷ್ಣಗಿರಿಯ ಬೆಟ್ಟ ಊರಿನ ನೆತ್ತಿಯ ಮೇಲೆಯೇ ಇದೆ. 1791ರ ನವೆಂಬರ್‌ನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ಲನ ಪಡೆ ರಾತ್ರಿ ದಾಳಿ ಮಾಡಿ ಪೇಟೆಯನ್ನೂ ಕೆಳಗಿನ ಕೋಟೆಯನ್ನೂ ಹಿಡಿಯಿತು, ಮೇಲಿನ ಕೋಟೆ ಮಾತ್ರ ದಕ್ಕಲಿಲ್ಲ. ಹತ್ತಿ ನೋಡಿದವರಿಗೆ ಕಾರಣ ತಾನೇ ತಿಳಿಯುತ್ತದೆ. ಇಳಿದ ಮೇಲೆ ಊರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಅರ್ಧ ಗಂಟೆ ಕೊಡಬಹುದು.

ಒಂದೇ ಬೆಟ್ಟ ಹತ್ತುವಷ್ಟು ಸಮಯವಿದ್ದರೆ ರಾಯಕೋಟೆಯನ್ನು ಹತ್ತಿ ಎಂಬುದು ನನ್ನ ಸಲಹೆ. ಬಾರಾಮಹಲಿನ ಬಯಲಿನಿಂದ ಮೈಸೂರಿನ ಎತ್ತರದ ನಾಡಿಗೆ ಏರುವ ಘಟ್ಟಕ್ಕೆ ಇದು ಬೀಗವಿದ್ದಂತೆ. ಬೆಂಗಳೂರು ಕೈಸೇರಿದ್ದರೂ ಈ ದಾರಿ ತೆರೆಯದೆ ದವಸಧಾನ್ಯ ಸಲೀಸಾಗಿ ಮೇಲೆ ಬರುವಂತಿರಲಿಲ್ಲ. ಅದಕ್ಕೇ 1791ರ ಜುಲೈಯಲ್ಲಿ ಮೇಜರ್ ಗೌಡಿಯನ್ನು ಇದರ ಮೇಲೆ ಕಳಿಸಿದರು, ಕೋಟೆ ಶರಣಾಯಿತು. ಇಂದು ಕೆಳಗಿನ ಊರು ಟೊಮೇಟೊ ಮಂಡಿಗೆ ಹೆಸರುವಾಸಿ. ಕೊಯಮತ್ತೂರಿನಿಂದ ಬೆಂಗಳೂರಿಗೆ 2023ರ ಕೊನೆಯಲ್ಲಿ ಆರಂಭವಾದ ವಂದೇ ಭಾರತ್ ರೈಲೂ ಧರ್ಮಪುರಿ, ಹೊಸೂರು ಮಾರ್ಗವಾಗಿ ಈ ಬೆಟ್ಟದ ಬದಿಯಿಂದಲೇ ಸಾಗುತ್ತದೆ. ನಿಲ್ಲುವುದಿಲ್ಲ, ಕಿಟಕಿಯಿಂದ ನೋಡಬೇಕು.

ಏರು ಮೊದಮೊದಲು ಸುಲಭ, ಆಮೇಲೆ ಬಂಡೆಯ ಮೇಲಿನ ಕಡಿದಾದ ಮೆಟ್ಟಿಲು. ನಿಧಾನವಾಗಿ ನಡೆಯುವವರಿಗೆ ಒಂದೂವರೆ ಗಂಟೆ ಬೇಕು. ಮೇಲೆ ಪಾಳುಗೋಡೆಗಳು, ಮಳೆನೀರು ನಿಲ್ಲುವ ಹೊಂಡಗಳು, ಎಲ್ಲಕ್ಕಿಂತ ಹೆಚ್ಚಾಗಿ ಗಾಳಿ. ದಕ್ಷಿಣಕ್ಕೆ ಬಯಲು ತಗ್ಗಿ ಹೋಗುತ್ತದೆ, ಅದರ ನಡುವೆ ಒಂಟಿ ಬೆಟ್ಟಗಳು ಕುಳಿತಂತೆ ಕಾಣುತ್ತವೆ. ಚಿತ್ರದ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ಕೆಳಗಿನಿಂದ ಹೋಲಿಸಿ ನೋಡುವುದು ಮಕ್ಕಳಿಗೆ ಒಳ್ಳೆಯ ಆಟ.

ಆದರೆ ಈ ಆಟ ಎಷ್ಟು ದಿನ? ಕೃಷ್ಣಗಿರಿಯ ಸುತ್ತ ಗ್ರಾನೈಟ್ ಕ್ವಾರಿಗಳು ಹಲವಿವೆ. ನಮ್ಮ ಮನೆಗಳ ನುಣುಪಾದ ನೆಲಕ್ಕೂ ಅಡಿಗೆಕಟ್ಟೆಗೂ ಇಂಥ ಬೆಟ್ಟಗಳೇ ಕಲ್ಲು ಕೊಟ್ಟಿವೆ. ಸಂಕಗಿರಿ, ಕೃಷ್ಣಗಿರಿ, ರಾಯಕೋಟೆಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ ನಿಜ. ಕಾನೂನಿನಂತೆ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಚಿತ್ರಕಾರನ ಕಣ್ಣು ಮುನ್ನೂರು ಮೀಟರಿಗೆ ನಿಂತಿರಲಿಲ್ಲ. ಹತ್ತಾರು ಮೈಲಿ ದೂರದ ಗುಡ್ಡಗಳೂ ಆ ಚಿತ್ರದ ಭಾಗ. ಅವುಗಳನ್ನು ಕಾಯುವವರಾರು? ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತುವ ಹುಡುಗರನ್ನು ಗದರಿಸುವ ನಾವು, ಬೆಟ್ಟವನ್ನೇ ಕೊಯ್ದು ತಂದ ಕಲ್ಲಿನ ಮೇಲೆ ನಿಂತು ಗದರಿಸುತ್ತೇವೆ.

ಹೊರಡುವವರಿಗೆ ಒಂದೆರಡು ಮಾತು. ಮಾರ್ಗಶಿರದಿಂದ ಮಾಘದವರೆಗೆ ಒಳ್ಳೆಯ ಕಾಲ. ಮಳೆಯಲ್ಲಿ ಬಂಡೆ ಜಾರುತ್ತದೆ. ಶೋಧಿಸಿದ ನೀರನ್ನು ಮನೆಯಿಂದಲೇ ಒಯ್ಯಿರಿ, ಮೇಲೆ ಏನೂ ಸಿಗದು. ಬಂಡೆಯ ಸಂದಿಯಲ್ಲಿ ಹೆಜ್ಜೇನು ಕಂಡರೆ ಸದ್ದು ಮಾಡದೆ ದೂರ ಸರಿಯಿರಿ, ಹೊಗೆ ಹಾಕಬೇಡಿ. ಬೆಳಗ್ಗೆ ಎಂಟಕ್ಕೆ ರಾಯಕೋಟೆ ಹತ್ತಿದರೆ ಹನ್ನೊಂದೂವರೆಗೆ ಕೆಳಗಿರಬಹುದು. ಮಧ್ಯಾಹ್ನ ಹತ್ತಲು ಹೊರಟರೆ ಮೂರೂವರೆಯೊಳಗೆ ಇಳಿಯಲೇಬೇಕು. ಆಗ ಹೊಸೂರು ತಲುಪಿ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಲು ಸಮಯ ಸಿಗುತ್ತದೆ.