ಬೀಗದ ಕೈ ಡಿಸ್ಕಿನ ತಲೆಯಲ್ಲಿದೆ

ವೆರಾಕ್ರಿಪ್ಟ್ ಎಂಬ ಗೂಢಲಿಪಿ ತಂತ್ರಾಂಶದಲ್ಲಿ ಬೀಗ ಹಾಕಿಟ್ಟ ಡ್ರೈವ್ ತೆರೆಯದೆ ಹೋದಾಗ ಪರದೆಯ ಮೇಲೆ ಬರುವ ಸಂದೇಶ ಯಾರಿಗಾದರೂ ಕಿರಿಕಿರಿ ತರಿಸುವಂಥದ್ದು. ಪಾಸ್‌ವರ್ಡ್ ತಪ್ಪಿರಬಹುದು, ಇನ್ನೊಂದು ಸೆಟ್ಟಿಂಗ್ ತಪ್ಪಿರಬಹುದು, ಇಲ್ಲವೇ ಇದು ವೆರಾಕ್ರಿಪ್ಟ್ ವಾಲ್ಯೂಮೇ (ಬೀಗ ಹಾಕಿದ ಡ್ರೈವೇ) ಅಲ್ಲದಿರಬಹುದು ಎನ್ನುತ್ತದೆ. ಯಾವುದು ಎಂದು ಬಿಡಿಸಿ ಹೇಳಬಾರದೇ? ಹೇಳೋಣವೆಂದರೆ ಅದಕ್ಕೇ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಎಂಬುದು ತಿಳಿದರೆ, ಕಳೆದುಹೋದ ಕಡತಗಳಲ್ಲಿ ಯಾವುದು ಮರಳಿ ಸಿಗುತ್ತದೆ, ಯಾವುದಕ್ಕೆ ಆಸೆ ಬಿಡಬೇಕು ಎಂಬುದೂ ತಿಳಿಯುತ್ತದೆ.

ಇಂಥ ಡ್ರೈವ್ ಎಂದರೆ ಸಾಮಾನ್ಯವಾಗಿ ಒಂದು ದೊಡ್ಡ ಫೈಲು. ಬಳಕೆಯಲ್ಲಿ ಅದಕ್ಕೆ ಕಂಟೇನರ್ ಎನ್ನುತ್ತಾರೆ. ಪಾಸ್‌ವರ್ಡ್ ಕೊಟ್ಟು ಮೌಂಟ್ ಮಾಡಿದರೆ ವಿಂಡೋಸ್‌ನಲ್ಲಿ ಹೊಸದೊಂದು ಡ್ರೈವ್ ಆಗಿ ಕಾಣಿಸಿಕೊಳ್ಳುತ್ತದೆ. ಡಿಸ್‌ಮೌಂಟ್ ಮಾಡಿದರೆ ಮತ್ತೆ ಅರ್ಥವಿಲ್ಲದ ಬೈಟುಗಳ ರಾಶಿ. ಆ ರಾಶಿಯ ಮೊದಲ 512 ಬೈಟುಗಳೇ ಹೆಡರ್. ಅದರಲ್ಲಿ ಮೊದಲ 64 ಬೈಟು 'ಸಾಲ್ಟ್' ಎಂಬ ಯಾದೃಚ್ಛಿಕ ಸಂಖ್ಯೆ, ಉಳಿದದ್ದು ಗೂಢಲಿಪಿ. ನಾವು ಟೈಪ್ ಮಾಡಿದ ಪಾಸ್‌ವರ್ಡನ್ನು ಸಾಲ್ಟ್ ಜೊತೆ ಬೆರೆಸಿ, ಮಾಮೂಲಿ ಸೆಟ್ಟಿಂಗಿನಲ್ಲಿ 5,00,000 ಸುತ್ತು ಅರೆದು, ಬಂದ ಕೀಲಿಯಿಂದ ಹೆಡರ್ ಬಿಡಿಸಲು ತಂತ್ರಾಂಶ ನೋಡುತ್ತದೆ. ಬಿಡಿಸಿದಾಗ ಶುರುವಿನಲ್ಲಿ V, E, R, A ಎಂಬ ನಾಲ್ಕು ಅಕ್ಷರಗಳು ಕಂಡು, ಜೊತೆಗಿರುವ ಚೆಕ್‌ಸಮ್‌ಗಳೂ ತಾಳೆಯಾದರೆ ಪಾಸ್‌ವರ್ಡ್ ಸರಿ. ಕಾಣದಿದ್ದರೆ, ಪಾಸ್‌ವರ್ಡ್ ತಪ್ಪೋ ಹೆಡರೇ ಕೆಟ್ಟಿದೆಯೋ ಹೇಳಲು ಬೇರೆ ಗುರುತೇ ಇಲ್ಲ.

ಇನ್ನೂ ಮುಖ್ಯವಾದದ್ದು ಹೆಡರ್ ಒಳಗಿದೆ. ನಮ್ಮ ಕಡತಗಳಿಗೆ ಬೀಗ ಹಾಕಿರುವುದು ಪಾಸ್‌ವರ್ಡ್ ಅಲ್ಲ, ಡ್ರೈವ್ ಸೃಷ್ಟಿಯಾದ ದಿನ ತಂತ್ರಾಂಶ ತಾನೇ ಹುಟ್ಟಿಸಿಕೊಂಡ 'ಮಾಸ್ಟರ್ ಕೀ'. ಅದು ಹೆಡರಿನಲ್ಲಿ ಕೂತಿರುತ್ತದೆ. ಬೀರುವಿನ ಬೀಗದ ಕೈಯನ್ನು ಸಣ್ಣದೊಂದು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಕೈಯನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಂಡ ಹಾಗೆ. ಹೀಗಾಗಿ ನೂರು ಜಿಬಿ ಡ್ರೈವಿನ ನಡುವೆ ಎಲ್ಲೋ ಒಂದು ಸೆಕ್ಟರ್ ಹಾಳಾದರೆ ಹೋಗುವುದು ಆ ಜಾಗದ ಮಾಹಿತಿ ಮಾತ್ರ. ಮೊದಲ 512 ಬೈಟು ಹೋದರೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ, ಹೆಡರಿನ ಇನ್ನೊಂದು ಪ್ರತಿ ಸಿಗದ ಹೊರತು, ಇಡೀ ನೂರು ಜಿಬಿಗೆ ಬಾಗಿಲಿಲ್ಲ.

ಬೀಗ ಒಡೆದು ತೆಗೆಯಬಹುದಲ್ಲ ಎಂದು ಕೇಳುವವರಿಗೆ ಬ್ರೆಜಿಲ್‌ನ ಕಥೆಯೊಂದಿದೆ. 2008ರ ಜುಲೈನಲ್ಲಿ, 'ಸತ್ಯಾಗ್ರಹ' ಎಂದು ಹೆಸರಿಟ್ಟುಕೊಂಡ ಕಾರ್ಯಾಚರಣೆಯಲ್ಲಿ, ಅಲ್ಲಿನ ಫೆಡರಲ್ ಪೊಲೀಸರು ಬ್ಯಾಂಕರ್ ಡೇನಿಯಲ್ ಡಾಂಟಸ್ ಅವರ ಮನೆಯಿಂದ ಹಾರ್ಡ್ ಡಿಸ್ಕ್‌ಗಳನ್ನು ವಶಪಡಿಸಿಕೊಂಡರು. ಗಾಂಧಿಯವರ ಪದ ಅಲ್ಲಿಗೆ ಹೇಗೆ ಹೋಯಿತೋ! ಡಿಸ್ಕ್‌ಗಳಿಗೆ ಹಾಕಿದ್ದು ವೆರಾಕ್ರಿಪ್ಟ್‌ನ ಪೂರ್ವಜ ಟ್ರೂಕ್ರಿಪ್ಟ್‌ನ ಬೀಗ. ಬ್ರೆಜಿಲ್‌ನ ತಜ್ಞರು ಐದು ತಿಂಗಳು ಪದಕೋಶದ ಪದಗಳನ್ನು ಒಂದೊಂದಾಗಿ ಹಾಕಿ ನೋಡಿ ಕೈಬಿಟ್ಟರು. ಆಮೇಲೆ ಡಿಸ್ಕ್‌ಗಳು ಅಮೆರಿಕದ ಎಫ್‌ಬಿಐಗೆ ಹೋದವು; ಒಂದು ವರ್ಷದ ಮೇಲೆ, 2010ರಲ್ಲಿ, ತೆರೆಯದೆಯೇ ವಾಪಸಾದವು. ಆ ಟ್ರೂಕ್ರಿಪ್ಟ್ ಪಾಸ್‌ವರ್ಡನ್ನು ಅರೆಯುತ್ತಿದ್ದದ್ದು ಹೆಚ್ಚೆಂದರೆ ಎರಡು ಸಾವಿರ ಸುತ್ತು. ಹಣ ಕೊಟ್ಟರೆ ಯಾವ ಬೀಗವನ್ನಾದರೂ ಒಡೆದುಕೊಡುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬುವ ಮುನ್ನ ಇದು ನೆನಪಿರಲಿ.

ಆದರೆ ಪೊಲೀಸರಿಗೂ ಡ್ರೈವಿನ ಒಡೆಯನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಒಡೆಯನಿಗೆ ಪಾಸ್‌ವರ್ಡ್ ಅರ್ಧವಾದರೂ ನೆನಪಿರುತ್ತದೆ. ಬರೀ ಎಂಟು ಸಣ್ಣ ಇಂಗ್ಲಿಷ್ ಅಕ್ಷರಗಳ ಪಾಸ್‌ವರ್ಡ್ ಎಂದರೂ ಸುಮಾರು 20,882 ಕೋಟಿ ಸಾಧ್ಯತೆಗಳಿವೆ; ಸೆಕೆಂಡಿಗೆ ಸಾವಿರದಂತೆ ಹಾಕಿ ನೋಡಿದರೂ ಆರು ವರ್ಷಕ್ಕೂ ಮೇಲೆ ಬೇಕು. ಅದೇ, ಮೂರು ಪದ ಇತ್ತು, ಯಾವ ಕ್ರಮದಲ್ಲಿ ಎಂದು ಮರೆತಿದೆ, ಪ್ರತಿ ಪದದ ಮೊದಲಕ್ಷರ ದೊಡ್ಡದೋ ಚಿಕ್ಕದೋ ಗೊತ್ತಿಲ್ಲ, ನಡುವೆ ನಾಲ್ಕು ಚಿಹ್ನೆಗಳಲ್ಲಿ ಯಾವುದೋ ಒಂದು, ಕೊನೆಗೆ ಎರಡು ಅಂಕಿ ಎಂದಿದ್ದರೆ ಲೆಕ್ಕ 19,200ಕ್ಕೆ ಇಳಿಯುತ್ತದೆ. ಸೆಕೆಂಡಿಗೆ ಒಂದೇ ಒಂದು ಹಾಕಿ ನೋಡಿದರೂ ಐದೂವರೆ ಗಂಟೆಯೊಳಗೆ ಮುಗಿಯುವ ಕೆಲಸ. ಹ್ಯಾಶ್‌ಕ್ಯಾಟ್‌ನಂಥ ಉಚಿತ ತಂತ್ರಾಂಶಗಳು ಇದನ್ನೇ ಮಾಡುತ್ತವೆ. ನಿಮ್ಮ ಕೆಲಸ ಕಾಗದ, ಪೆನ್ನು ಹಿಡಿದು ಕೂತು, ಆಗ ಬಳಸುತ್ತಿದ್ದ ಪಾಸ್‌ವರ್ಡ್‌ಗಳೆಲ್ಲದರ ತುಂಡುಗಳನ್ನು ಬರೆದುಕೊಳ್ಳುವುದು.

ಬರೆದುಕೊಳ್ಳುವಾಗ ಕೀಬೋರ್ಡನ್ನೂ ಅನುಮಾನಿಸಬೇಕು. ಬೆಂಗಳೂರಿನ ಎಷ್ಟೋ ಕಂಪ್ಯೂಟರುಗಳಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಲೇಔಟ್ ಇರುತ್ತವೆ. ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಬರೀ ಚುಕ್ಕಿಗಳು ಕಾಣುವುದರಿಂದ ಯಾವುದು ಆನ್ ಆಗಿದೆ ಎಂಬುದು ತಿಳಿಯುವುದಿಲ್ಲ. 'ಡಿಸ್‌ಪ್ಲೇ ಪಾಸ್‌ವರ್ಡ್' ಗುರುತು ಹಾಕಿ ನೋಡುವುದೇ ವಾಸಿ. ಕನ್ನಡದಲ್ಲೇ ಪಾಸ್‌ವರ್ಡ್ ಇಟ್ಟವರಿಗೆ ಇನ್ನೊಂದು ತೊಡಕು. 'ಕೋ' ಎಂಬುದನ್ನು ಯುನಿಕೋಡ್‌ನಲ್ಲಿ ಓತ್ವದ ಒಂದೇ ಸಂಕೇತ ಹಾಕಿಯೂ ಬರೆಯಬಹುದು, ಎತ್ವ, ಕೊಂಬಿನಿಳಿ, ದೀರ್ಘ ಎಂದು ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟುಗಳಲ್ಲಿ ಬೇರೆ. ಅರ್ಧಾಕ್ಷರದ ನಂತರ ಕೆಲವು ಕೀಬೋರ್ಡ್‌ಗಳು ಕಾಣದ ಸಂಕೇತವೊಂದನ್ನೂ ಸೇರಿಸುತ್ತವೆ. ಡ್ರೈವ್ ಮಾಡಿದಾಗ ಬಳಸಿದ ಕೀಬೋರ್ಡ್ ತಂತ್ರಾಂಶವನ್ನೇ ಹುಡುಕಿ ತಂದು ಟೈಪ್ ಮಾಡಿ ನೋಡುವುದು ಹುಚ್ಚಾಟವೇನಲ್ಲ.

ಪಾಸ್‌ವರ್ಡ್ ಖಂಡಿತ ಇದೇ ಎನ್ನುವವರು ಮೂರು ಕಡೆ ಕಣ್ಣಾಡಿಸಬೇಕು. ಮೊದಲನೆಯದು ಪಿಐಎಂ, ಅಂದರೆ ಅರೆಯುವ ಸುತ್ತುಗಳನ್ನು ನಿರ್ಧರಿಸುವ ಸಂಖ್ಯೆ: 15,000ಕ್ಕೆ ಆ ಸಂಖ್ಯೆಯ ಸಾವಿರ ಪಟ್ಟು ಸೇರಿಸಿದಷ್ಟು ಸುತ್ತು. ಏನೂ ಕೊಡದಿದ್ದರೆ ಅದು 485. ಎಂದೋ ಉತ್ಸಾಹದಲ್ಲಿ ಬೇರೆ ಸಂಖ್ಯೆ ಕೊಟ್ಟಿದ್ದರೆ ಅದೂ ಪಾಸ್‌ವರ್ಡಿನಷ್ಟೇ ಬೇಕು. ಎರಡನೆಯದು ಕೀಫೈಲ್. ಫೋಟೋ, ಹಾಡು ಏನಾದರೂ ಕೀಫೈಲ್ ಆಗಬಹುದು. ತಂತ್ರಾಂಶ ಓದುವುದು ಅದರ ಮೊದಲ 10,48,576 ಬೈಟುಗಳನ್ನು. ಎಂಪಿ3 ಹಾಡೊಂದನ್ನು ಕೀಫೈಲ್ ಮಾಡಿಕೊಂಡು, ಆಮೇಲೆ ಪ್ಲೇಯರ್ ಅದರ ಆಲ್ಬಂ ಹೆಸರನ್ನು ತಿದ್ದಿತೆಂದರೆ ಹಾಡು ಅದೇ, ಕೀಲಿ ಬೇರೆ. ಹಳೆಯ ಬ್ಯಾಕಪ್‌ನಲ್ಲಿ ತಿದ್ದದ ಪ್ರತಿ ಇರಬಹುದು, ಹುಡುಕಿ. ಮೂರನೆಯದು ತಂತ್ರಾಂಶದ ಆವೃತ್ತಿ. ಟ್ರೂಕ್ರಿಪ್ಟ್ ತಯಾರಕರು 2014ರ ಮೇ 28ರಂದು ಇದ್ದಕ್ಕಿದ್ದಂತೆ ಅಂಗಡಿ ಮುಚ್ಚಿದರು. ಅದರ ಡ್ರೈವ್‌ಗಳನ್ನು ವೆರಾಕ್ರಿಪ್ಟ್ ಬಹಳ ವರ್ಷ ತೆರೆಯುತ್ತಿತ್ತು, 1.26ರ ಸರಣಿಯಿಂದ ಆ ಸೌಲಭ್ಯ ಹೋಯಿತು, ಪಾಸ್‌ವರ್ಡ್ ಅರೆಯಲು ರೈಪ್‌ಎಂಡಿ-160 ಎಂಬ ಹ್ಯಾಶ್ ವಿಧಾನ ಬಳಸಿದ ಹಳೆಯ ವಾಲ್ಯೂಮ್‌ಗಳೂ ತೆರೆಯದಾದವು. ಹಳೆಯ ಹಾರ್ಡ್ ಡಿಸ್ಕ್ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆಯದಿದ್ದರೆ 1.25.9 ಆವೃತ್ತಿಯಲ್ಲಿ ಒಮ್ಮೆ ನೋಡುವುದು ಲೇಸು.

ಇನ್ನು ಹೆಡರ್ ಕೆಟ್ಟ ಪ್ರಸಂಗ. ಇಡೀ ಪಾರ್ಟಿಷನ್‌ಗೆ ಬೀಗ ಹಾಕಿದ್ದರೆ ವಿಂಡೋಸ್‌ಗೆ ಅದು ಖಾಲಿ ಡಿಸ್ಕ್‌ನಂತೆ ಕಂಡು, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಿ ಎಂದು ವಿನಯದಿಂದ ಕೇಳುತ್ತದೆ. ಮನೆಯಲ್ಲಿ ಯಾರೋ ಸರಿ ಎಂದುಬಿಡುತ್ತಾರೆ. ಕ್ವಿಕ್ ಫಾರ್ಮ್ಯಾಟ್ ಮೊದಲ ಸೆಕ್ಟರನ್ನು ಅಳಿಸಿ ಬರೆಯುತ್ತದೆ, ಹೆಡರ್ ಹೋಯಿತು. ಪುಣ್ಯಕ್ಕೆ, ವಾಲ್ಯೂಮಿನ ಕಟ್ಟಕಡೆಯ 1,31,072 ಬೈಟುಗಳ ಜಾಗದಲ್ಲಿ ಹೆಡರಿನ ಇನ್ನೊಂದು ಪ್ರತಿಯನ್ನು ವೆರಾಕ್ರಿಪ್ಟ್ ಮೊದಲೇ ಇಟ್ಟಿರುತ್ತದೆ. ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಕೊನೆಯ ಸೆಕ್ಟರಿನಲ್ಲೂ ಒಂದಿಷ್ಟು ಬರೆಯುತ್ತದೆ ನಿಜ, ಆದರೆ ಹೆಡರಿನ ಪ್ರತಿ ಅದಕ್ಕಿಂತ ಹಿಂದೆ ಇರುವುದರಿಂದ ಬಚಾವಾಗುತ್ತದೆ.

ಇಲ್ಲಿ ಅವಸರ ಬೇಡ. ಮೊದಲು ಡಿಸ್ಕನ್ನು ಇದ್ದಹಾಗೇ ಬೇರೊಂದು ಡಿಸ್ಕಿಗೆ ಸೆಕ್ಟರ್ ಸೆಕ್ಟರ್ ನಕಲಿಸಬೇಕು. ಡಿಸ್ಕ್ ಸಾಯುತ್ತಿದ್ದರೆ ಲಿನಕ್ಸ್‌ನ ಡಿಡಿರೆಸ್ಕ್ಯೂ ಅದಕ್ಕೆಂದೇ ಇದೆ. ನಕಲನ್ನು ಮೌಂಟ್ ಮಾಡುವಾಗ 'ಮೌಂಟ್ ಆಪ್ಷನ್ಸ್' ಒಳಗೆ, ವಾಲ್ಯೂಮಿನಲ್ಲೇ ಇರುವ ಬ್ಯಾಕಪ್ ಹೆಡರ್ ಬಳಸುವ ಆಯ್ಕೆ ಇದೆ. ಜೊತೆಗೆ 'ರೀಡ್-ಓನ್ಲಿ' ಕೂಡ ಆರಿಸಿ. ಪಾಸ್‌ವರ್ಡ್ ಹಿಡಿದರೆ ಡ್ರೈವ್ ಮೌಂಟ್ ಆಗುತ್ತದೆ, ಒಳಗಿನ ಫೈಲ್ ಪಟ್ಟಿ ಮಾತ್ರ ಚಿಂದಿಯಾಗಿರಬಹುದು. ಆಗ ಫೋಟೋರೆಕ್‌ನಂಥ ಮರುಪಡೆಯುವ ತಂತ್ರಾಂಶವನ್ನು ಮೌಂಟ್ ಆದ ಡ್ರೈವಿನ ಮೇಲೆ ಓಡಿಸಬೇಕು. ಬೀಗ ತೆಗೆಯದ ಡಿಸ್ಕಿನ ಮೇಲೆ ಓಡಿಸಿದರೆ ಏನೂ ಸಿಗದು, ಅಲ್ಲಿರುವುದು ಗೂಢಲಿಪಿ.

ಕಂಟೇನರ್ ಫೈಲೇ ಡಿಲೀಟ್ ಆದರೆ ಕಷ್ಟ ಹೆಚ್ಚು. ಜೆಪಿಗ್‌ಗೆ, ಪಿಡಿಎಫ್‌ಗೆ ಶುರುವಿನಲ್ಲಿ ಗುರುತು ಇರುತ್ತದೆ, ಕಂಟೇನರ್‌ಗೆ ಬೇಕೆಂದೇ ಯಾವ ಗುರುತೂ ಇಟ್ಟಿಲ್ಲ. ಹಾರ್ಡ್ ಡಿಸ್ಕಿನ ಕಡತಪಟ್ಟಿಯಲ್ಲಿ ಹೆಸರು ಇನ್ನೂ ಉಳಿದಿದ್ದರೆ ಸಿಕ್ಕೀತು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಖಾಲಿ ಮಾಡುವ ಟ್ರಿಮ್ ಓಡಿದ ಮೇಲೆ ಆ ಆಸೆಯೂ ಇಲ್ಲ. ಕ್ಲೌಡ್‌ನಲ್ಲಿ ಬ್ಯಾಕಪ್ ಇದೆ ಎಂದು ನಿಶ್ಚಿಂತೆಯಿಂದಿರುವವರಿಗೆ ಒಂದು ಮಾತು. ಒಳಗೆ ಎಷ್ಟೇ ಬದಲಾದರೂ ಕಂಟೇನರ್ ಫೈಲಿನ ತಾರೀಖನ್ನು ವೆರಾಕ್ರಿಪ್ಟ್ ಮಾಮೂಲಿಯಾಗಿ ಹಳೆಯದಾಗಿಯೇ ಉಳಿಸುತ್ತದೆ. ತಾರೀಖು, ಗಾತ್ರ ಎರಡನ್ನೇ ನೋಡುವ ಬ್ಯಾಕಪ್ ತಂತ್ರಾಂಶ ಏನೂ ಬದಲಾಗಿಲ್ಲ ಎಂದುಕೊಂಡು ಮುಂದಕ್ಕೆ ಹೋಗುತ್ತದೆ. ಪ್ರಿಫರೆನ್ಸಸ್‌ನಲ್ಲಿ ತಾರೀಖು ಹಾಗೇ ಉಳಿಸುವ ಆಯ್ಕೆಯ ಗುರುತನ್ನು ತೆಗೆದುಬಿಡಿ.

ಪಾಸ್‌ವರ್ಡ್ ಮರೆತದ್ದು ಗೊತ್ತಾದಾಗ ಡ್ರೈವ್ ಇನ್ನೂ ಮೌಂಟ್ ಆಗಿಯೇ ಇದ್ದರೆ, ಎಲ್ಲ ಬಿಟ್ಟು ಮೊದಲು ಕಡತಗಳನ್ನು ಹೊರಗೆ ನಕಲಿಸಿ. ಮಾಸ್ಟರ್ ಕೀ ಆಗ ರ‍್ಯಾಮ್‌ನಲ್ಲಿದೆ. ಕಂಪ್ಯೂಟರ್ ಆಫ್ ಮಾಡಿದರೆ ಅದೂ ಹೋಯಿತು.

ಇಂಥ ಪಾಡು ಬಾರದಿರಲಿ ಎಂದೇ ವೆರಾಕ್ರಿಪ್ಟ್‌ನ 'ಟೂಲ್ಸ್' ಪಟ್ಟಿಯಲ್ಲಿ 'ಬ್ಯಾಕಪ್ ವಾಲ್ಯೂಮ್ ಹೆಡರ್' ಎಂಬ ಸೌಲಭ್ಯವಿದೆ. ಹೆಡರಿನ ಪ್ರತಿಯನ್ನು ಸಣ್ಣ ಫೈಲಾಗಿ ಪೆನ್ ಡ್ರೈವಿಗೆ ಹಾಕಿಕೊಡುತ್ತದೆ. ಪಾಸ್‌ವರ್ಡ್ ಬದಲಿಸಿದಾಗ ಮತ್ತೆ ಬರೆಯಲ್ಪಡುವುದು ಹೆಡರ್ ಮಾತ್ರ, ಮಾಸ್ಟರ್ ಕೀ ಬದಲಾಗುವುದಿಲ್ಲ. ಹಾಗಾಗಿ ಹೊಸ ಪಾಸ್‌ವರ್ಡ್ ಮರೆತವರು ಹಳೆಯ ಹೆಡರ್ ಪ್ರತಿಯನ್ನು ಮರಳಿ ಕೂರಿಸಿ, ಹಳೆಯ ಪಾಸ್‌ವರ್ಡಿನಿಂದಲೇ ಇವತ್ತಿನ ಕಡತಗಳನ್ನು ತೆರೆಯಬಹುದು. ಕಚೇರಿಗಳಲ್ಲಿ ಇದನ್ನೇ ಉಪಾಯ ಮಾಡಿಕೊಳ್ಳುತ್ತಾರೆ: ನಿರ್ವಾಹಕ ತನ್ನ ಪಾಸ್‌ವರ್ಡಿನಲ್ಲಿ ಡ್ರೈವ್ ಸೃಷ್ಟಿಸಿ, ಹೆಡರಿನ ಪ್ರತಿ ತೆಗೆದಿಟ್ಟು, ಆಮೇಲೆ ನೌಕರನಿಗೆ ಕೊಟ್ಟು ಪಾಸ್‌ವರ್ಡ್ ಬದಲಿಸಿಕೋ ಎನ್ನುತ್ತಾನೆ. ಇದರ ಇನ್ನೊಂದು ಮುಖವೂ ಇದೆ. ಹಳೆಯ ಪಾಸ್‌ವರ್ಡ್ ಯಾರಿಗೋ ತಿಳಿದುಹೋಯಿತು ಎಂದು ಅದನ್ನು ಬದಲಿಸಿದ್ದರೆ, ಹಳೆಯ ಹೆಡರ್ ಪ್ರತಿಯೂ ಅವರ ಕೈಗೆ ಸಿಕ್ಕಿದ್ದ ಪಕ್ಷದಲ್ಲಿ ಬದಲಿಸಿ ಪ್ರಯೋಜನವಿಲ್ಲ. ಹೊಸ ಡ್ರೈವ್ ಮಾಡಿ ಕಡತಗಳನ್ನು ಅಲ್ಲಿಗೆ ಸಾಗಿಸಬೇಕಾಗುತ್ತದೆ.