ನೆಲದ ಗುಣ ಹೇಳುವ ಪಾಚಿ

ಕನ್ನಡದಲ್ಲಿ ‘ಎರೆ’ ಅಂದರೆ ಕಪ್ಪು ನೆಲ, ತೆಲುಗಿನಲ್ಲಿ ‘ಎರ್ರ ನೇಲ’ ಅಂದರೆ ಕೆಂಪು ನೆಲ. ನಮ್ಮ ರಾಯದುರ್ಗದ ಸೀಮೆಯಲ್ಲಿ ಹೊಲದ ವ್ಯಾಪಾರಕ್ಕೆ ಕೂತವರು ಈ ಮಾತನ್ನು ಎರಡು ಸಲ ಕೇಳಿಕೊಳ್ಳಬೇಕು. ಪಾಚಿ ಮಾತ್ರ ಎರಡೂ ಭಾಷೆಯಲ್ಲಿ ಪಾಚಿಯೇ. ಹೆಸರು ಒಂದಾದರೂ ಜಾತಿ ಒಂದಲ್ಲ ನೋಡ್ರಿ. ಎಲ್ಲಿ ಯಾವುದು ಬಾಳಬೇಕೆಂದು ಗೊತ್ತುಮಾಡುವುದು ಮಣ್ಣು.

ಶೇಂಗಾ ಬೆಳೆಯುವ ನಮ್ಮ ಕೆಂಪು ಮಸಾರಿ ಬೇಗ ಒಣಗುತ್ತದೆ, ಪಾಚಿಗೆ ಅಲ್ಲಿ ಮಳೆಯ ನಾಲ್ಕು ದಿನವಷ್ಟೇ ಸುಗ್ಗಿ. ಎರೆ ಹೊಲ ತೇವ ಹಿಡಿದಿಡುತ್ತದೆ, ಸ್ವಲ್ಪ ಕ್ಷಾರದ ಗುಣವೂ ಉಂಟು. ನೀಲಿ-ಹಸಿರು ಪಾಚಿಗೆ ಅದು ಹಿತ. ಮಲೆನಾಡಿನಂಥ ಹುಳಿ ಮಣ್ಣಿನಲ್ಲಿ ಹಸಿರು ಪಾಚಿಯದೇ ಮೇಲುಗೈ. ಬದುವಿನ ಮೇಲೆ ಸುಟ್ಟ ಹಪ್ಪಳದ ಚೂರಿನಂತೆ ಬಿದ್ದಿರುತ್ತದಲ್ಲ, ಅದು ನಾಸ್ಟಾಕ್. ಸತ್ತಂತೆ ಕಂಡರೂ ಮಳೆಗೆ ಉಬ್ಬಿ ಜೀವ ತಳೆಯುತ್ತದೆ.

ಹಗರಿಯ ಮರಳು ಹಾರಿ ಬರುವ ಬೊಮ್ಮನಹಾಳು, ಕಣೇಕಲ್ಲು ಕಡೆಯವರು ಇನ್ನೊಂದು ಸಂಗತಿ ತಿಳಿಯಬೇಕು. ಮರಳು ನೆಲದಲ್ಲಿ ನೂಲಿನಂಥ ಪಾಚಿ ತನ್ನ ಅಂಟಿನಿಂದ ಕಣಗಳನ್ನು ಹಿಡಿದು ತೆಳು ಹೆಪ್ಪು ಕಟ್ಟುತ್ತದೆ. ದನ, ಟ್ರ್ಯಾಕ್ಟರು ಓಡಾಡಿ ಅದು ಒಡೆದರೆ ಮರಳು ಮತ್ತೆ ಏಳುತ್ತದೆ.

ಕಾಲುವೆ ಕೆಳಗಿನ ಗದ್ದೆಯಲ್ಲಿ ಇದೇ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಕೊಡುತ್ತದೆ. ಇದನ್ನು 1939ರಲ್ಲಿ ಪಿ.ಕೆ. ಡೇ ತೋರಿಸಿಕೊಟ್ಟರು. ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ಸಿಗಬಹುದೆಂದು ಲೆಕ್ಕ. ಯೂರಿಯಾ ವಿಪರೀತ ಸುರಿದರೆ ಪಾಚಿ ಆ ಕೆಲಸ ಬಿಡುತ್ತದೆ. ರಂಜಕ ಇದ್ದರೆ ಚುರುಕಾಗುತ್ತದೆ.

ಅದಕ್ಕೇ ಅಂಗಡಿಯವರಿಗೂ ಒಂದು ಮಾತು: ಪಾಚಿ ಗೊಬ್ಬರದ ಪಾಕೀಟು ನೀರು ನಿಂತ ಭತ್ತದ ಗದ್ದೆಗೆ, ಮಳೆಯಾಶ್ರಿತ ಶೇಂಗಾಕ್ಕಲ್ಲ. ಒಣ ಮಸಾರಿಗೆ ಮಾರಿದರೆ ರೈತನ ದುಡ್ಡು ಮಣ್ಣುಪಾಲು.

ಕಾಲುವೆ ಜೌಗಿನಿಂದ ಸವಳಾದ ನೆಲಕ್ಕೂ ಪಾಚಿ ಮದ್ದು ಅಂತಾರೆ. ಉತ್ತರ ಪ್ರದೇಶದ ಊಸರ ಭೂಮಿಯಲ್ಲಿ ಬದು ಹಾಕಿ, ಮಳೆನೀರು ನಿಲ್ಲಿಸಿ ಪಾಚಿ ಬೆಳೆಸಿದ್ದನ್ನು ಆರ್.ಎನ್. ಸಿಂಗ್ 1950ರಲ್ಲಿ ಪ್ರಕಟಿಸಿದ್ದು ನಿಜ. ಆದರೆ ಪಾಚಿಯ ಕೆಲಸ ಮೇಲ್ಪದರದ್ದು. ಬೇರಿನ ಆಳಕ್ಕೆ ಅದೊಂದೇ ಸಾಲದು. ಬರೀ ಉಪ್ಪಾದರೆ ಬಸಿಗಾಲುವೆ ತೆಗೆಯಬೇಕು, ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಕೂಡ ಬೇಕು. ಯಾವುದೆಂದು ಕಣ್ಣಿಗೆ ತಿಳಿಯದು, ಮಣ್ಣು ಪರೀಕ್ಷೆಯೇ ಹೇಳಬೇಕು.

ಪಾಕೀಟಿಗೆ ಕೈ ಚಾಚುವ ಮುಂಚೆ ಒಂದು ಬೊಗಸೆ ಮಣ್ಣು ಪರೀಕ್ಷೆಗೆ ಕಳಿಸಿರಿ.