ಮರದ ಕುದುರೆಯ ಹೊಸ ಅವತಾರ

ವತ್ಸರಾಜನಾದ ಉದಯನನಿಗೆ ವೀಣೆಯ ಹುಚ್ಚೂ ಇತ್ತು, ಆನೆಯ ಹುಚ್ಚೂ ಇತ್ತು. ಉಜ್ಜಯಿನಿಯ ಪ್ರದ್ಯೋತನು ಇದನ್ನರಿತು ಕೃತಕವಾದೊಂದು ಆನೆಯನ್ನು ಮಾಡಿಸಿ, ಅದರೊಳಗೆ ಯೋಧರನ್ನು ಅಡಗಿಸಿ ಕಾಡಿನಲ್ಲಿ ನಿಲ್ಲಿಸಿದನಂತೆ. ಅಪೂರ್ವವಾದ ಗಜವೊಂದು ಬಂದಿದೆಯೆಂದು ಕೇಳಿ ಉದಯನು ವೀಣೆ ಹಿಡಿದು ತಾನಾಗಿಯೇ ಹೋದ, ಸೆರೆಯಾದ. ಗ್ರೀಕರು ಟ್ರಾಯ್ ನಗರವನ್ನು ಮರದ ಕುದುರೆಯಿಂದ ಗೆದ್ದ ಕಥೆಯೂ ಇದೇ ಜಾತಿಯದು. ಹತ್ತು ವರ್ಷದ ಮುತ್ತಿಗೆಗೂ ಬಗ್ಗದ ಕೋಟೆಯೊಳಕ್ಕೆ ಶತ್ರುವನ್ನು ಎಳೆದು ತಂದವರು ಕೋಟೆಯ ಜನರೇ!

ಕಂಪ್ಯೂಟರಿನ ಲೋಕದಲ್ಲಿ 'ಟ್ರೋಜನ್' ಎಂಬ ಹೆಸರು ಬಂದುದು ಆ ಕುದುರೆಯಿಂದಲೇ. ವೈರಸ್ ಒಂದು ಕಡತದಿಂದ ಇನ್ನೊಂದಕ್ಕೆ ತನ್ನನ್ನು ತಾನೇ ಅಂಟಿಸಿಕೊಂಡು ಹಬ್ಬುತ್ತದೆ. ಟ್ರೋಜನ್‌ಗೆ ಆ ಶಕ್ತಿಯಿಲ್ಲ. ಅದು ಉಪಯುಕ್ತವಾದ ವಸ್ತುವಿನ ವೇಷದಲ್ಲಿ ಹೊಸ್ತಿಲಲ್ಲಿ ನಿಂತಿರುತ್ತದೆ. ಒಳಗೆ ಕರೆಯುವವರು ನಾವು.

1989ರಲ್ಲಿ ನಡೆದ ಒಂದು ಪ್ರಸಂಗವನ್ನು ನೋಡಿ. ಏಡ್ಸ್ ರೋಗದ ಕುರಿತು ತಿಳಿವಳಿಕೆ ನೀಡುವುದೆಂಬ ಫ್ಲಾಪಿ ತಟ್ಟೆಗಳು, ಸುಮಾರು 20,000, ಅಂಚೆಯ ಮೂಲಕ ನಾನಾ ದೇಶಗಳ ಜನರನ್ನು ತಲುಪಿದವು. ತಟ್ಟೆಯಲ್ಲಿ ನಿಜವಾಗಿಯೂ ಪ್ರಶ್ನಾವಳಿಯೊಂದಿತ್ತು. ಆದರೆ ಒಳಗಿದ್ದ ಕಳ್ಳನು ಕಂಪ್ಯೂಟರು ಎಷ್ಟು ಸಲ ಚಾಲೂ ಆಯಿತೆಂದು ಮೌನವಾಗಿ ಎಣಿಸುತ್ತಿದ್ದ. ಎಣಿಕೆ 90ರ ಸುಮಾರಿಗೆ ಬಂದಾಗ ಕಡತಗಳ ಹೆಸರುಗಳೆಲ್ಲ ಕಲಸುಮೇಲೋಗರವಾದವು. ಪನಾಮ ದೇಶದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳುಹಿಸಬೇಕೆಂಬ ಆಜ್ಞೆ ತೆರೆಯ ಮೇಲೆ ಮೂಡಿತು. ಕೆಟ್ಟಿದ್ದುದು ಹೆಸರುಗಳೇ ಹೊರತು ಒಳಗಿನ ಬರಹವಲ್ಲ. ತಜ್ಞರು ಬೇಗನೆ ಪರಿಹಾರವನ್ನೂ ಕಂಡುಹಿಡಿದರು. ಆದರೆ ಅಷ್ಟರೊಳಗೆ ಗಾಬರಿಬಿದ್ದ ಕೆಲವರು ತಮ್ಮ ಕಡತಗಳನ್ನು ತಾವೇ ಅಳಿಸಿಹಾಕಿ ವರ್ಷಗಳ ದುಡಿಮೆಯನ್ನು ಕಳೆದುಕೊಂಡಿದ್ದರು. ಕಳ್ಳನಿಗಿಂತ ಗಾಬರಿಯೇ ಹೆಚ್ಚು ಕೆಡಿಸಿತೆನ್ನಬೇಕು.

ಒಳಗೆ ಬರುವ ಬಗೆ

ಇಂದು ಫ್ಲಾಪಿಯಿಲ್ಲ, ಉಪಾಯ ಮಾತ್ರ ಹಳೆಯದೇ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಯಾರೋ 'ಬೀಗ ಒಡೆದು' ಬಿಟ್ಟಿಯಾಗಿ ಹಂಚುತ್ತಾರೆ. ಬ್ಯಾಂಕಿನದೋ ತೆರಿಗೆ ಇಲಾಖೆಯದೋ ಎಂಬಂತೆ ಇ-ಮೇಲ್ ಬರುತ್ತದೆ. 'ನಿಮ್ಮ ಕಂಪ್ಯೂಟರಿಗೆ ಸೋಂಕು ತಗಲಿದೆ, ಕೂಡಲೇ ಇಲ್ಲಿ ಒತ್ತಿರಿ' ಎಂದು ತೆರೆಯೇ ಕೂಗಿಕೊಳ್ಳುತ್ತದೆ. ಆಸೆ, ಅವಸರ, ಭಯ, ಈ ಮೂರೇ ಅದರ ವಾಹನಗಳು.

ಇನ್ನೊಂದು ಸೂಕ್ಷ್ಮವುಂಟು. ವಿಂಡೋಸ್ ವ್ಯವಸ್ಥೆಯು ಕಡತದ ಹೆಸರಿನ ಕೊನೆಯ ಬಾಲವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. 'ಬಿಲ್.ಪಿಡಿಎಫ್.ಇಎಕ್ಸ್‌ಇ' ಎಂಬುದು ನಮ್ಮ ಕಣ್ಣಿಗೆ 'ಬಿಲ್.ಪಿಡಿಎಫ್' ಎಂದಷ್ಟೇ ಕಾಣುತ್ತದೆ. ಓದುವ ಕಾಗದವೆಂದು ಒತ್ತಿದರೆ ಅದು ಕೆಲಸ ಮಾಡುವ ಯಂತ್ರವಾಗಿರುತ್ತದೆ. 'ಅನುಮತಿ ಕೊಡುವಿರಾ?' ಎಂದು ಕಂಪ್ಯೂಟರು ಕೇಳಿದಾಗ ನಾವು ಓದದೆಯೇ 'ಹೌದು' ಎಂದರಂತೂ ಮನೆಯ ಬೀಗದ ಕೈಯನ್ನೇ ಒಪ್ಪಿಸಿದಂತೆ. ಆ ಬಳಿಕ ಅದು ಯಂತ್ರ ಚಾಲೂ ಆದಾಗಲೆಲ್ಲ ತಾನೂ ಏಳುವಂತೆ ಏರ್ಪಾಡು ಮಾಡಿಕೊಳ್ಳುತ್ತದೆ. ನಾವು ಒತ್ತುವ ಅಕ್ಷರಗಳನ್ನೂ ಪಾಸ್‌ವರ್ಡುಗಳನ್ನೂ ದೂರದ ಒಡೆಯನಿಗೆ ರವಾನಿಸುತ್ತದೆ. ಬೇರೆ ಕಳ್ಳರಿಗೂ ಹಿಂಬಾಗಿಲು ತೆರೆಯುತ್ತದೆ.

ಹೊರಗೆ ಹಾಕುವ ಬಗೆ

ಮೊದಲನೆಯದಾಗಿ, ಅಂತರ್ಜಾಲದ ಸಂಪರ್ಕವನ್ನು ಕಡಿದುಹಾಕಿ. ಒಡೆಯನ ಸಂಪರ್ಕ ತಪ್ಪಿದರೆ ಹೊಸ ಆಜ್ಞೆ ಬಾರದು, ನಿಮ್ಮ ಗುಟ್ಟೂ ಹೊರಗೆ ಹೋಗದು. ಎರಡನೆಯದಾಗಿ, ಬ್ಯಾಂಕು ಮತ್ತು ಇ-ಮೇಲಿನ ಪಾಸ್‌ವರ್ಡುಗಳನ್ನು ಬೇರೊಂದು ಶುದ್ಧವಾದ ಯಂತ್ರದಿಂದ ಬದಲಾಯಿಸಿ. ಸೋಂಕಿನ ಯಂತ್ರದಲ್ಲೇ ಬದಲಾಯಿಸಿದರೆ ಹೊಸದೂ ಕಳ್ಳನ ಕಿವಿಗೆ ಬೀಳುತ್ತದೆ.

ಮೂರನೆಯದು ಶೋಧನೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್‌ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಎಂಬ ಸೌಲಭ್ಯವಿದೆ. ಎಚ್ಚೆತ್ತ ಟ್ರೋಜನ್ ಶೋಧಕನ ಕಣ್ಣಿಗೆ ಮಣ್ಣೆರಚಬಲ್ಲದು; ಆದರೆ ಈ ಶೋಧನೆಯು ವಿಂಡೋಸ್ ಏಳುವ ಮುನ್ನವೇ ನಡೆಯುವುದರಿಂದ ಮಲಗಿದ ಕಳ್ಳನನ್ನು ಹಿಡಿಯುವುದು ಸುಲಭ. ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕವೂ ಇಂತಹ ಉಪಕರಣಗಳು ಉಚಿತವಾಗಿ ದೊರೆಯುತ್ತವೆ. ಆಮೇಲೆ, ನೀವು ಹಾಕದ ತಂತ್ರಾಂಶಗಳೂ ಬ್ರೌಸರಿನ ಅಪರಿಚಿತ ಜೋಡಣೆಗಳೂ ಇದ್ದರೆ ತೆಗೆದುಹಾಕಿ.

ಇಷ್ಟಾದರೂ ಸಂಶಯ ಉಳಿದರೆ ಯಂತ್ರವನ್ನು ಪೂರ್ತಿ ಅಳಿಸಿ, ವಿಂಡೋಸನ್ನು ಹೊಸದಾಗಿ ಸ್ಥಾಪಿಸುವುದೇ ಲೇಸು. ಹಣವೇ ಹೋಗಿದ್ದರೆ ಒಂದು ಗಳಿಗೆಯೂ ತಡಮಾಡದೆ 1930 ಸಂಖ್ಯೆಗೆ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು.

ಯಂತ್ರವನ್ನು ಅಳಿಸುವ ಧೈರ್ಯ ಬರಬೇಕಾದರೆ ಮಾತ್ರ ಮೊದಲೇ ಒಂದು ಸಿದ್ಧತೆ ಬೇಕು. ಮಕ್ಕಳ ಫೋಟೋ, ಮನೆಯ ಪತ್ರಗಳು, ಮದುವೆಯ ಚಿತ್ರಗಳು, ಇವುಗಳ ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ತೆಗೆದು, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಡಿ. ಸದಾ ಜೋಡಿಸಿಟ್ಟ ಡಿಸ್ಕಿಗೂ ಕಳ್ಳನ ಕೈ ಎಟಕುತ್ತದೆ. ತಿಂಗಳಿಗೊಂದು ಭಾನುವಾರ ಅರ್ಧ ಗಂಟೆಯನ್ನು ಈ ಕೆಲಸಕ್ಕೆ ಮೀಸಲಿಟ್ಟ ಮನೆಯಲ್ಲಿ, ಟ್ರೋಜನ್ ಬಂದರೂ ಹಾಳಾಗುವುದು ಒಂದು ದಿನದ ನೆಮ್ಮದಿಯೇ ಹೊರತು ಇಷ್ಟು ವರ್ಷಗಳ ನೆನಪುಗಳಲ್ಲ.